ಹರಕೆ ಹೊರಿ, ಆದರೆ ಆಸ್ಪತ್ರೆಯ ದಾರಿಯಲ್ಲಿ ಹೊರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಊರವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಇದು ದ್ಯಾಮವ್ವ, ದುರ್ಗವ್ವನ ವಿರುದ್ಧ ಬರೆದದ್ದಲ್ಲ. ಭಂಡಾರ ಹಚ್ಚಿಕೊಳ್ಳಿ, ಉಡಿ ತುಂಬಿ, ಕೂಸಿಗೆ ನೆದರು ತೆಗೆಯಿರಿ, ಸವದತ್ತಿ ಗುಡ್ಡಕ್ಕೆ ಹೋಗಿ ಬನ್ನಿ. ಊರಿಗೆ ಬ್ಯಾನಿ ಬಂದಾಗ ಐದು ವಾರ ಬಿಡುವ ರೂಢಿ ಇದ್ದರೆ ಬಿಡಿ. ದುಡಿದು ದಣಿದ ಮೈಗೆ ಮಂಗಳವಾರ, ಶುಕ್ರವಾರ ಬಿಡುವು ಸಿಕ್ಕರೆ ಕೇಡೇನಿಲ್ಲ. ಆದರೆ ಮುಂದಿನ ಮಾತುಗಳಲ್ಲಿ ರಿಯಾಯಿತಿ ಇಲ್ಲ.

ಹಾವು ಕಡಿದವರನ್ನು ಮಂತ್ರ ಹಾಕುವವರ ಮನೆಗೆ ಒಯ್ಯಬಾರದು. ‘ಮೊದಲ ಅಲ್ಲಿ ಹೋಗೂಣು, ಇಳೀದಿದ್ರ ದವಾಖಾನಿ ನೋಡೂಣು’ ಎನ್ನುವ ಮಾತಿನಲ್ಲೇ ಜೀವ ಹೋಗುತ್ತದೆ. ಮಂತ್ರದಿಂದ ಬದುಕಿದವರು ನಮ್ಮ ಓಣಿಯಲ್ಲೇ ಇದ್ದಾರೆ ಎನ್ನುತ್ತೀರಿ. ಇರಬಹುದು. ಅವರಿಗೆ ಕಡಿದದ್ದು ಕೇರೆಹಾವೋ ನೀರುಹಾವೋ ಆಗಿರುತ್ತದೆ. ನಾಗರವೇ ಆಗಿದ್ದರೂ ಕೆಲವು ಸಲ ಅದು ವಿಷ ಬಿಡದೆ ಬರೀ ಹಲ್ಲೂರಿ ಹೋಗುತ್ತದೆ. ವಿಷ ಏರಿದ ಮೇಲೆ ಅದಕ್ಕೆ ಮದ್ದು ಒಂದೇ, ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷದ ಇಂಜೆಕ್ಷನ್. ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ಕಾಲ್ಗಡಗ ತೆಗೆಯಿರಿ. ಕಡಿದ ಕೈಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ಹಾವನ್ನು ಹುಡುಕುತ್ತ ಕಬ್ಬಿನ ಹೊಲದಲ್ಲಿ ನಿಲ್ಲಬೇಡಿ.

ಕಟ್ಟುಹಾವಿನ ವಿಷಯ ಬೇರೆಯೇ ಹೇಳಬೇಕು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು ಇರುವುದಿಲ್ಲ, ಗುರುತೂ ಕಾಣದೆ ಹೋಗಬಹುದು. ನಸುಕಿನಲ್ಲಿ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ತೊದಲು ಮಾತು. ಇದನ್ನು ಗಾಳಿ ಸೋಂಕು ಎಂದು ಅಂತ್ರ ಕಟ್ಟಿಸಿ ಕೂರಬಾರದು. 2024ರ ಫೆಬ್ರುವರಿಯಲ್ಲಿ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಮಂತ್ರ ಹಾಕುವವರ ಕಟ್ಟೆಯ ಮೇಲೆ ಸತ್ತವರು ಆ ಲೆಕ್ಕಕ್ಕೆ ಸಿಗುವುದು ಕಷ್ಟ.

ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರ ತುಂಬಬಾರದು. ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ, ಅಂದೇ ಲಸಿಕೆ ಹಾಕಿಸಿ, ಹೇಳಿದ ದಿನಗಳಿಗೆ ತಪ್ಪದೆ ಹೋಗಿ ಪೂರ್ತಿ ಮುಗಿಸಿ. ಮುಧೋಳ ನಾಯಿಯ ನಾಡಿನವರಿಗೆ ಇದನ್ನು ಹೇಳಬೇಕಾಗಿರುವುದು ಸಂಕಟ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಮಕ್ಕಳಿಗೆ ಅಮ್ಮ ಎದ್ದಾಗ ಬಾಗಿಲಿಗೆ ಬೇವು ಕಟ್ಟಿ. ಹೊರಗಿನವರು ಒಳಗೆ ಬರದಂತೆ ತಡೆಯುವ ಆ ರೂಢಿ ತಿಳಿದವರು ಮಾಡಿದ್ದು, ನನಗೆ ಅದರ ಬಗ್ಗೆ ಗೌರವವಿದೆ. ಒಗ್ಗರಣೆ ಬಿಡುವುದಾದರೆ ಬಿಡಿ. ಮಗುವಿಗೆ ನೀರು, ಹಾಲು, ಊಟ ಮಾತ್ರ ಬಿಡಿಸಬಾರದು. ದಡಾರವಾಗಿದ್ದರೆ ಕಣ್ಣು ಉಳಿಯಲು ಎರಡು ದಿನ ಎ ಜೀವಸತ್ವದ ಡೋಸು ಬೇಕು, ಅದನ್ನು ವೈದ್ಯರೇ ಕೊಡಬೇಕು. ಉಸಿರು ಏದುತ್ತಿದ್ದರೆ ತಾಯಿ ತಾನೇ ಇಳಿಯುತ್ತಾಳೆಂದು ಕಾಯಬೇಡಿ. 9 ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಆಸುಪಾಸು ಇನ್ನೊಮ್ಮೆ ದಡಾರದ ಲಸಿಕೆ ಹಾಕಿಸಿ. ಸಿಡುಬನ್ನು 1975ರಲ್ಲಿ ಈ ದೇಶದಿಂದ ಕಳಿಸಿದ್ದು ಲಸಿಕೆ. ಅದಾದ ಮೇಲೂ ಊರಮ್ಮನ ಜಾತ್ರೆ ನಿಂತಿಲ್ಲ, ನೋಡಿ.

ಹಸುಗೂಸಿಗೆ ಬರೆ ಹಾಕಬಾರದು. ಹುಟ್ಟಿದ ಎರಡು ಮೂರು ದಿನಕ್ಕೆ ಮೈ ಹಳದಿಯಾಗುವುದು ಸಾಮಾನ್ಯ. ಹೆಚ್ಚಾದರೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿಸುತ್ತಾರೆ, ಅಷ್ಟೇ. ಕಾಸಿದ ಕಬ್ಬಿಣಕ್ಕೆ ಕಾಮಾಲೆ ಇಳಿಯುವುದಿಲ್ಲ, ಗಾಯ ಕೀವಾಗಿ ನಂಜೇರುತ್ತದೆ.

ಹುಡುಗಿಯ ತಲೆಯಲ್ಲಿ ಜಡೆ ಬಿದ್ದರೆ ಎಲ್ಲವ್ವ ಕರೆದಳು ಎನ್ನಬಾರದು. ತೊಳೆಯದೆ, ಬಾಚದೆ ಕೂದಲು ಗಂಟಾಗುತ್ತದೆ. ಕತ್ತರಿಸಿದರೆ ರಕ್ತ ಕಾರಿ ಸಾಯುವುದಿಲ್ಲ. ಕತ್ತರಿಸಿಕೊಂಡವರು ಮತ್ತೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದಾರೆ. ಜಡೆ, ಚರ್ಮರೋಗ, ಮೂರ್ಛೆ ಇವನ್ನೇ ನೆಪ ಮಾಡಿ ಈ ಸೀಮೆಯಲ್ಲಿ ಎಷ್ಟೋ ಮಕ್ಕಳನ್ನು ದೇವರಿಗೆ ಬಿಟ್ಟರು. ಯಾರ ಮನೆಯ ಮಕ್ಕಳನ್ನು ಬಿಟ್ಟರು, ಯಾರ ಮನೆಯವರನ್ನು ಬಿಡಲಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಹಾಗೆ ಬಿಡುವುದನ್ನು 1982ರ ದೇವದಾಸಿ ಕಾಯ್ದೆಯೇ ಅಪರಾಧವಾಗಿಸಿತು.

ಮೈಯಲ್ಲಿ ದೇವರು ಬಂತೆಂದು, ದೆವ್ವ ಹೊಕ್ಕಿತೆಂದು ಬಾರಿಕೋಲಿನಿಂದ ಹೊಡೆಯಬಾರದು, ಮೆಣಸಿನಕಾಯಿ ಹೊಗೆ ಹಾಕಬಾರದು, ಸರಪಳಿ ಬಿಗಿಯಬಾರದು. ಜೀವಕ್ಕೆ ಬೇಸತ್ತ ಸೊಸೆಯ ಮಾತನ್ನು ಕೇಳಿಸಿಕೊಳ್ಳಿ. ಅವಳು ದೇವರ ಹೆಸರಲ್ಲಿ ಹೇಳುವುದನ್ನು ಹಾಗೇ ಹೇಳಲು ಮನೆಯಲ್ಲಿ ಯಾರೂ ಬಿಟ್ಟಿರುವುದಿಲ್ಲ. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಲೆಂದೇ ರಾಜ್ಯದಲ್ಲಿ ‘ಮನೋಚೈತನ್ಯ’ ಯೋಜನೆ ಇದೆ. ದೇವಿಯ ವಾರವೂ ಅದೇ. ಫೋನಿನಲ್ಲಿ ಮಾತಾಡಲು 14416, ದುಡ್ಡು ಬೇಡ.

ಮಗ್ಗದವರೇ, ಎರಡು ವಾರ ಕೆಮ್ಮು ಬಿಡದಿದ್ದರೆ ಮಾಟ ತೆಗೆಸುವ ಮೊದಲು ಕಫ ಪರೀಕ್ಷೆ ಮಾಡಿಸಿ. ಕ್ಷಯದ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಪೂಜಾರಿಗಳು, ಹೇಳಿಕೆ ಹೇಳುವವರು ಗಮನಿಸಿ: ವಾಮಾಚಾರ ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹಾವು, ಚೇಳು, ನಾಯಿ ಕಡಿದವರನ್ನು ವೈದ್ಯರ ಬಳಿ ಹೋಗಗೊಡದೆ ಮಂತ್ರ, ದಾರ ಕಟ್ಟಿದರೆ 1ರಿಂದ 7 ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ಪೂಜೆ, ಪ್ರದಕ್ಷಿಣೆ, ಯಾತ್ರೆಗೆ ಅದೇ ಕಾಯ್ದೆಯ ಅಡ್ಡಿಯಿಲ್ಲ. ನಿಮ್ಮ ಒಂದು ಮಾತಿಗೆ ಊರು ತಲೆಬಾಗುತ್ತದೆ. ‘ತಾಯಿ ಆಸ್ಪತ್ರೆಗೆ ಹೋಗು ಅಂದಾಳ’ ಎಂದು ಹೇಳಿಕೆ ಕೊಡಿ.

ಈ ಹಾಳೆಯನ್ನು ಗುಡಿಯ ಕಂಬಕ್ಕೆ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿ.