ಮೊದಲು ಹೇಳಿದವರನ್ನು ಬೈಯಬೇಡಿ

ಲೆಕ್ಕಶಾಸ್ತ್ರದ ಒಂದು ಪಾಠದಿಂದ ಆರಂಭಿಸುತ್ತೇನೆ. ನಮ್ಮ ನಗದು ಪುಸ್ತಕದಲ್ಲಿ ಹಣ ಬಂದರೆ ಡೆಬಿಟ್, ಹೋದರೆ ಕ್ರೆಡಿಟ್. ಆದರೆ ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ‘ಡೆಬಿಟೆಡ್’ ಎಂದಿದ್ದರೆ ಹಣ ಹೋಗಿದೆ ಎಂದರ್ಥ. ಏಕೆಂದರೆ ಅದು ಬ್ಯಾಂಕು ತನ್ನ ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕ. ನಾವಿಟ್ಟ ಠೇವಣಿ ಬ್ಯಾಂಕಿಗೆ ಹೊಣೆ. ಆ ಹೊಣೆ ಕಡಿಮೆಯಾದಾಗ ಬ್ಯಾಂಕು ನಮ್ಮ ಖಾತೆಗೆ ಡೆಬಿಟ್ ಮಾಡುತ್ತದೆ. ಇದು ಪರೀಕ್ಷೆಗೆ ಮಾತ್ರ ಬೇಕಾದ ಪಾಠ ಎಂದುಕೊಂಡಿದ್ದೆ. ನಮ್ಮ ಮಾಮು ಹಣ ಕಳೆದುಕೊಂಡಾಗ ಅದರ ಬೆಲೆ ತಿಳಿಯಿತು.

ಮಾಮು ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಒಣದ್ರಾಕ್ಷಿ ಕೊಳ್ಳುವ ವ್ಯಾಪಾರಿ ಎಂದು ಒಬ್ಬ ಫೋನ್ ಮಾಡಿದ. ದರ ಕುದುರಿತು. “ಮುಂಗಡ 8,000 ರೂಪಾಯಿ ಕಳಿಸುತ್ತೇನೆ. ವಾಟ್ಸಾಪ್‌ಗೆ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ” ಎಂದ. ಮಾಮು ಒತ್ತಿದರು. ಕೂಡಲೇ ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಬಂತು. ಮಾಮುಗೆ ಓದಲು ಬರುವುದು ಉರ್ದು ಮಾತ್ರ. 8,000 ಎಂಬ ಅಂಕಿ ನೋಡಿ ಹಣ ಬಂತೆಂದು ತಿಳಿದರು. ಸಂಜೆ ಆ ನಂಬರ್ ಬಂದ್ ಆಗಿತ್ತು. ಖಾತೆಯ ಬಾಕಿ ನೋಡಿದಾಗ ಮೋಸ ಗೊತ್ತಾಯಿತು.

ಆದರೂ ಎರಡು ದಿನ ಅವರು ಯಾರಿಗೂ ಹೇಳಲಿಲ್ಲ. ಮೂರನೇ ದಿನ ವಿಜಯಪುರಕ್ಕೆ ಬಂದು ನನ್ನ ಕೈಗೆ ಫೋನ್ ಕೊಟ್ಟು, “ಬೇಟಾ, ಇದನ್ನ ಓದು” ಎಂದರು. “ಆವತ್ತೇ ಯಾಕೆ ಹೇಳಲಿಲ್ಲ ಮಾಮು?” ಎಂದು ಕೇಳಿದೆ. “ಎಲ್ಲರೂ ಬೈತೀರಿ ಅಂತ” ಎಂದರು. 1930ಕ್ಕೆ ಕರೆ ಮಾಡಿದೆವು. ದೂರು ದಾಖಲಾಯಿತು. ಆದರೆ ಹಣ ಆಗಲೇ ಬೇರೆ ಬೇರೆ ಖಾತೆ ದಾಟಿ ಹೋಗಿತ್ತು.

ಮೊದಲ ಗಂಟೆ ಏಕೆ ಮುಖ್ಯ?

ಕದ್ದ ಹಣ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿ ಕೊನೆಗೆ ಎಟಿಎಂನಿಂದ ಹೊರಬೀಳುತ್ತದೆ. 1930 ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯ ಸಹಾಯವಾಣಿ. ದೂರು ಬಂದ ಕೂಡಲೇ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಇಲ್ಲದಿದ್ದರೆ ಮುಂದಿನ ಖಾತೆಯನ್ನು ಹುಡುಕಬೇಕು. ಕರೆ ಮಾಡುವಾಗ ಹಣ ಹೋದ ಸಮಯ, ಮೊತ್ತ, ಬ್ಯಾಂಕಿನ ಹೆಸರು ಮತ್ತು ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಎಸ್‌ಎಂಎಸ್ ಅಳಿಸಬೇಡಿ. ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಬ್ಯಾಂಕಿಗೂ ತಕ್ಷಣ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದು. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಅಂದರೆ ಸುಮ್ಮನಿದ್ದ ಪ್ರತಿ ಗಂಟೆಯ ಅಪಾಯವೂ ನಮ್ಮ ಲೆಕ್ಕಕ್ಕೆ ಸೇರುತ್ತದೆ.

ಮನೆಯವರಿಗೆ ಹೇಳಬೇಕಾದ ನಾಲ್ಕು ಮಾತು

1. ಯುಪಿಐ ಪಿನ್ ಹಣ ಕೊಡುವುದಕ್ಕೆ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಕೂಡ ಬೇಕಿಲ್ಲ.

2. ಮದುವೆ ಪತ್ರಿಕೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ತೆರೆಯಬೇಡಿ. ಅದು ಫೋನಿಗೆ ಬರುವ ಒಟಿಪಿಯನ್ನು ಕಳ್ಳನಿಗೆ ಕಳಿಸಬಲ್ಲದು. ಬಬಲೇಶ್ವರದಿಂದ ಬರುವ ನಮ್ಮ ತರಗತಿಯ ಗೆಳತಿಯ ತಂದೆ ಇಂಥ ಫೈಲ್ ತೆರೆದಿದ್ದರು. ಫೋನ್ ವಿಚಿತ್ರವಾಗಿ ನಡೆದುಕೊಂಡ ಕೂಡಲೇ ಮಗಳನ್ನು ಕರೆದರು. ಅವಳು ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿದಳು. ಹಣ ಉಳಿಯಿತು. ಮಾಮು ಮತ್ತು ಅವರ ನಡುವಿನ ವ್ಯತ್ಯಾಸ ಜಾಣತನದ್ದಲ್ಲ. ಒಬ್ಬರು ಕೂಡಲೇ ಹೇಳಿದರು, ಇನ್ನೊಬ್ಬರು ಹೇಳಲಿಲ್ಲ, ಅಷ್ಟೆ.

3. ಪೊಲೀಸರೆಂದು ವಿಡಿಯೊ ಕರೆಯಲ್ಲಿ ಹೆದರಿಸಿದರೆ ಕರೆ ಕತ್ತರಿಸಿ. ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದಾರೆ. “ಮನೆಯವರಿಗೆ ಹೇಳಬೇಡ” ಎಂದು ಯಾರಾದರೂ ಅಂದರೆ ಅದೇ ಮೋಸದ ಗುರುತು.

4. ಇದು ನಮಗೇ, ವಿದ್ಯಾರ್ಥಿಗಳಿಗೆ. ಕಮಿಷನ್ ಆಸೆಗೆ ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಬಳಸಲು ಕೊಡಬೇಡಿ. ಮಾಮು ಹಣ ಹಾದುಹೋದದ್ದು ಇಂಥ ಖಾತೆಗಳ ಮೂಲಕವೇ ಇರಬಹುದು. ಖಾತೆ ಸ್ಥಗಿತವಾಗುತ್ತದೆ. ಪೊಲೀಸರು ಮೊದಲು ಖಾತೆದಾರನ ಮನೆ ಬಾಗಿಲಿಗೆ ಬರುತ್ತಾರೆ.

ಹಣಕ್ಕಿಂತ ದೊಡ್ಡ ಭಯವೂ ಇದೆ. ಫೋಟೊ ಇಟ್ಟುಕೊಂಡು ಬೆದರಿಸುವವರ ಬಂಡವಾಳವೆಂದರೆ ನಾವು ಮನೆಯಲ್ಲಿ ಹೇಳುವುದಿಲ್ಲ ಎಂಬ ನಂಬಿಕೆ. ಒಮ್ಮೆ ಹಣ ಕೊಟ್ಟರೆ ಮತ್ತೆ ಕೇಳುತ್ತಾರೆ. ನಂಬುವ ಹಿರಿಯರಿಗೆ ಅಥವಾ ಉಪನ್ಯಾಸಕರಿಗೆ ಹೇಳಿ. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಕೊನೆಗೆ ನನ್ನದೇ ಒಂದು ಮಾತು. ಮಾಮು ಹೋದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕಳೆದ ರಜೆಯಲ್ಲಿ ವಿಡಿಯೊ ಲೈಕ್ ಮಾಡಿದರೆ ಹಣ ಎಂಬ ಗುಂಪಿಗೆ ನಾನೂ ಸೇರಿದ್ದೆ. ಮೊದಲು 150 ರೂಪಾಯಿ ಕೊಟ್ಟರು, ಆಮೇಲೆ ನನ್ನಿಂದ 1,000 ಕಟ್ಟಿಸಿಕೊಂಡು ಮಾಯವಾದರು. ಅದನ್ನು ಮುಚ್ಚಿಟ್ಟುಕೊಂಡೇ ನಾನು ಮಾಮುಗೆ ಪ್ರಶ್ನೆ ಕೇಳಿದ್ದೆ. ಮರುದಿನ ಅಬ್ಬಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬೇಕಿತ್ತು” ಎಂದಷ್ಟೇ ಅಂದರು.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಮೇಲೆ 1930 ಎಂದು ದೊಡ್ಡದಾಗಿ ಬರೆದಿದೆ. ಅದರ ಕೆಳಗೆ ಅಮ್ಮಿ ಉರ್ದುವಿನಲ್ಲಿ ಒಂದು ಸಾಲು ಬರೆದಿದ್ದಾರೆ: ಮೊದಲು ಹೇಳಿದವರನ್ನು ಯಾರೂ ಬೈಯಬಾರದು. ಇಂದು ಮನೆಗೆ ಹೋದಾಗ ನಿಮ್ಮ ಮನೆಯಲ್ಲೂ ಈ ಮಾತು ಆಡಿ ನೋಡಿ.