ಬಲೆ ಹೋಲಿಸಲು ಹೊರಟ ಮಗಳಿಗೆ

ಕಾಡಿನ ಕೀಟಗಳ ಮೇಲೆ ಸಂಶೋಧನೆಗೆ ಸೇರಿಕೊಂಡೆಯಂತೆ, ಕೇಳಿ ತುಂಬಾ ಸಂತೋಷವಾಯಿತು. ಎರಡು ಮೂರು ನಮೂನೆಯ ಬಲೆ ಕಟ್ಟಿ ಯಾವುದು ಮೇಲು ಅಂತ ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಮೊದಲು ಹುಳದ ನಡವಳಿಕೆ ನೋಡು ತಾಯಿ, ಬಲೆ ಆಮೇಲೆ.

1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಸಾಲ್ ಕಾಡುಗಳಿಗೆ ಕಾಂಡಕೊರಕ ದುಂಬಿಯ ಪಿಡುಗು ಬಡಿಯಿತು. ಅಲ್ಲಿ ಬಳಸಿದ ಬಲೆ ಯಾವುದು ಗೊತ್ತೇ? ಒಂದು ಸಾಲ್ ಮರವೇ! ಮಳೆ ಹಿಡಿದೊಡನೆ ದುಂಬಿಗಳು ಮರ ಕೊರೆದು ಹೊರಬರುತ್ತವೆ. ಆ ಹೊತ್ತಿಗೆ ಮರ ಕಡಿದು, ತುಂಡು ಮಾಡಿ, ತುದಿಯ ತೊಗಟೆಯನ್ನು ನಾರು ನಾರಾಗುವಂತೆ ಜಜ್ಜಿಡುತ್ತಾರೆ. ರಸದ ವಾಸನೆಗೆ ಬಂದ ದುಂಬಿ ಹೊಟ್ಟೆ ತುಂಬ ಹೀರಿ ಮಂಕಾಗಿ ಕೂರುತ್ತದೆ. ಹಳ್ಳಿಯವರು ಕೈಯಲ್ಲೇ ಆರಿಸಿ, ಎಣಿಸಿ ಕೊಟ್ಟು ಕೂಲಿ ಪಡೆಯುತ್ತಾರೆ. ರಸ ಒಣಗಿದರೆ ಮತ್ತೆ ತುದಿ ಕೊಯ್ದು ಜಜ್ಜಬೇಕು. ಹುಳದ ದೌರ್ಬಲ್ಯ ತಿಳಿದವರು ಕಟ್ಟಿದ ಬಲೆ ಅದು.

ಕೆನಡಾದಲ್ಲಿ ಕೀಟ ಸಂಶೋಧಕ ಲಿಂಡ್‌ಗ್ರೆನ್ 1983ರಲ್ಲಿ ಪ್ರಕಟಿಸಿದ ಆಲಿಕೆ ಬಲೆಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಒಂದರ ಕೆಳಗೊಂದು ತೂಗುವ ಕಪ್ಪು ಆಲಿಕೆಗಳು ತೊಗಟೆ ದುಂಬಿಯ ಕಣ್ಣಿಗೆ ಮರದ ಬೊಡ್ಡೆಯಾಗಿ ಕಾಣುತ್ತವೆ. ಆದರೆ ಉದ್ದ ಮೀಸೆಯ ದೊಡ್ಡ ದುಂಬಿಯನ್ನು ಅದರ ಪಕ್ಕ ನಿಂತು ಗಮನಿಸು. ಡಿಕ್ಕಿ ಹೊಡೆದು ಬೀಳುವಾಗಲೇ ಕಾಲಿನ ಕೊಕ್ಕೆಯನ್ನು ಪ್ಲಾಸ್ಟಿಕ್ಕಿನ ಸಣ್ಣ ತರಕಿಗೆ ಸಿಕ್ಕಿಸಿ, ಅಂಚಿಗೆ ಹತ್ತಿ ಹಾರಿಹೋಗುತ್ತದೆ. ಒಳಮೈಗೆ ಫ್ಲೂಆನ್ ಎಂಬ ಜಾರು ಲೇಪ ಬಳಿದ ಮೇಲೆ ಇಂಥ ದುಂಬಿಗಳು ಹಲವು ಪಟ್ಟು ಹೆಚ್ಚು ಸಿಕ್ಕವು. ಆಲಿಕೆಗಳ ಕೆಳಗೆ ಹುಳ ಬೀಳುವ ಡಬ್ಬಿಯ ತಳವೂ ಅಷ್ಟೇ ಮುಖ್ಯ. ಒಣ ಡಬ್ಬಿಯಲ್ಲಿ ಬಿದ್ದವು ಮೇಲೆ ಹತ್ತುತ್ತವೆ, ಒಂದನ್ನೊಂದು ಕಡಿದು ಹಾಕುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಹಾಕಿದರೆ ಅಲ್ಲೇ ಉಳಿಯುತ್ತವೆ.

ಹೋಲಿಕೆಗೆ ಬಾ. ಒಂದು ಬಲೆ ಬಿಸಿಲು ಬೀಳುವ ಕಾಡಂಚಿನಲ್ಲಿ, ಇನ್ನೊಂದು ಒಳಗೆ ನೆರಳಲ್ಲಿದ್ದರೆ ನೀನು ಹೋಲಿಸುತ್ತಿರುವುದು ಜಾಗವನ್ನು. ಹುಳವನ್ನು ಸೆಳೆಯುವ ವಾಸನೆಯ ಲೂರ್ ಒಂದೇ ದಿನ ತೆರೆದದ್ದಿರಲಿ, ಎತ್ತರ ಒಂದೇ ಇರಲಿ, ಒಂದರ ವಾಸನೆ ಇನ್ನೊಂದರ ಮೇಲೆ ಬೀಳದಷ್ಟು ದೂರ ಬಿಡು. ಪ್ರತಿ ಸಲ ಹುಳ ತೆಗೆದಾಗ ಬಲೆಗಳ ಜಾಗ ಅದಲುಬದಲು ಮಾಡು. ಬೇಸರದ ಕೆಲಸ, ಗೊತ್ತು, ಆದರೂ ಬಿಡಬೇಡ. ಲೂರ್ ಇಲ್ಲದ ಖಾಲಿ ಬಲೆಯೊಂದು ಇರಲೇಬೇಕು. ಹಾರಾಟದ ಕಾಲವನ್ನೂ ತಪ್ಪಿಸಬೇಡ. ನಮ್ಮ ಕಾಫಿ ತೋಟದ ಬಿಳಿ ಕಾಂಡಕೊರಕ ಹೆಚ್ಚಾಗಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ. ಆಗಸ್ಟ್ ಮಳೆಯಲ್ಲಿ ತೂಗಿದ ಬಲೆಗಳೆಲ್ಲ ಸಮನಾಗಿ ಖಾಲಿಯೇ.

ಹೆಚ್ಚು ಹಿಡಿದದ್ದೇ ಗೆದ್ದಿತು ಅಂತ ಆತುರಪಡಬೇಡ. ಬಂದರಿನಲ್ಲಿ ಹೊರದೇಶದ ಹುಳ ಬಂತೇ ಎಂದು ನೋಡುವವರಿಗೆ ಒಂದೇ ದುಂಬಿ ಸಿಕ್ಕರೂ ಸಾಕು. ತೊಗಟೆ ದುಂಬಿಯನ್ನು ತಿನ್ನುವ ಕ್ಲೆರಿಡ್ ದುಂಬಿಗಳೂ ಲೂರ್‌ನ ಅದೇ ವಾಸನೆ ಹಿಡಿದು ಬರುತ್ತವೆ. ಅವನ್ನೇ ಬಾಚಿ ಕೊಲ್ಲುವ ಬಲೆಯಿಂದ ಕಾಡಿಗೆ ನಷ್ಟವೇ. ಹಾಗಾಗಿ ಡಬ್ಬಿಯಲ್ಲಿ ಸಿಕ್ಕ ಪ್ರತಿ ಹುಳವನ್ನೂ ಎಣಿಸು, ಸೊನ್ನೆ ಬಂದ ದಿನವನ್ನೂ ಪುಸ್ತಕದಲ್ಲಿ ಬರೆ. ಹುಳಗಳನ್ನು ಆಲ್ಕೋಹಾಲ್‌ನಲ್ಲಿ ಇಡುವ ಸೀಸೆಯೊಳಗಿನ ಚೀಟಿಯನ್ನು ಮಾತ್ರ ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಅದರಲ್ಲಿ ಕರಗಿಹೋಗುತ್ತದೆ.