‘ಯಮಾತೊ’: ನಾಮಸಾಮ್ಯದ ಒಂದು ಪರಿಶೀಲನೆ

ಸ್ಥಳನಾಮಗಳ ಅಧ್ಯಯನದಲ್ಲಿ ನಾಮಸಾಮ್ಯವು ಮೊದಲಿನಿಂದಲೂ ತೊಡಕಿನ ವಿಷಯ. ಒಂದೇ ಹೆಸರಿನ ಎರಡು ಊರುಗಳು ದೊರೆತಾಗ, ಒಂದರಿಂದ ಹೊರಟ ಜನ ಇನ್ನೊಂದರಲ್ಲಿ ನೆಲಸಿದರೆಂದೋ ಎರಡೂ ಕಡೆ ಒಂದೇ ಬಗೆಯ ಕೊಳ, ಕಲ್ಲು, ಮರಗಳಿದ್ದವೆಂದೋ ವಿವರಿಸಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ಬೆಳಗೊಳಗಳಿಗೂ ಹೊಸೂರುಗಳಿಗೂ ಈ ವಿವರಣೆ ಬಹುಮಟ್ಟಿಗೆ ಸಾಕಾಗುತ್ತದೆ. ಅದು ಸಾಲದೆ ಹೋಗುವ ಸಂದರ್ಭಗಳೂ ಇವೆ. ಜಪಾನಿನ ‘ಯಮಾತೊ’ ಎಂಬ ಹೆಸರು ಅಂಥ ಸಂದರ್ಭಗಳಲ್ಲಿ ಬಹಳ ಸ್ಪಷ್ಟವಾದದ್ದು. ಇಂದಿನ ನಾರಾ ಪ್ರಾಂತದ ಹಳೆಯ ಹೆಸರು ಯಮಾತೊ. ಟೋಕಿಯೋ ಬಳಿಯ ಕನಗಾವಾ ಪ್ರಾಂತದ ಒಂದು ನಗರಕ್ಕೂ ಅದೇ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ ಯುದ್ಧನೌಕೆ, ಕಪ್ಪು ಬೆಕ್ಕಿನ ಚಿಹ್ನೆಯ ಸರಕು ಸಾಗಣೆ ಸಂಸ್ಥೆ, ಒಂದು ಚಿತ್ರಸಂಪ್ರದಾಯ, ಆರು ತಂತಿಗಳ ಒಂದು ವಾದ್ಯ, ಫ್ಲೋರಿಡಾದ ಒಂದು ರಸ್ತೆ, ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕ ಉಲ್ಕಾಶಿಲೆಗಳು ಇವೆಲ್ಲವೂ ಯಮಾತೊಗಳೇ. ಇವೆಲ್ಲಕ್ಕೂ ಇರುವುದು ಒಂದೇ ಹೆಸರೆ, ಒಂದೇ ಉಚ್ಚಾರವನ್ನು ಹೊತ್ತ ಬೇರೆ ಬೇರೆ ಹೆಸರುಗಳೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೊದಲು ಮೂಲ ಸ್ಥಳವನ್ನು ನೋಡಬಹುದು. ನಾರಾ ಬಯಲಿನ ಆಗ್ನೇಯ ಅಂಚಿನಲ್ಲಿ, ಮಿವಾ ಬೆಟ್ಟದ ತಪ್ಪಲಿನಲ್ಲಿದ್ದ ಒಂದು ಚಿಕ್ಕ ಪ್ರದೇಶದ ಹೆಸರಾಗಿ ಯಮಾತೊ ಮೊದಲಾಯಿತು. ಅಲ್ಲಿನ ಅರಸುಮನೆತನದ ಆಳ್ವಿಕೆ ಹಬ್ಬಿದಂತೆ ಹೆಸರೂ ಹಬ್ಬಿ ಇಡೀ ಪ್ರಾಂತಕ್ಕೂ ಅನಂತರ ಇಡೀ ದೇಶಕ್ಕೂ ಸಂದಿತು. ‘ಯಮ’ ಎಂದರೆ ಬೆಟ್ಟ. ಈ ಭಾಗದ ಬಗ್ಗೆ ಹೆಚ್ಚಿನ ವಿವಾದವಿಲ್ಲ. ಕೊನೆಯ ‘ತೊ’ ಎಂಬುದನ್ನು ಎಡೆ, ಬಾಗಿಲು, ಹೆಜ್ಜೆಗುರುತು ಎಂದು ಬಗೆಬಗೆಯಾಗಿ ಬಿಡಿಸಿದ್ದಾರೆ. ಇಷ್ಟು ದೂರದವರೆಗೆ ನಮ್ಮ ಸ್ಥಳನಾಮಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಮೊದಲಾಗುವುದು ಬರವಣಿಗೆಯಲ್ಲಿ.

ಚೀನೀಯರು ಆ ದ್ವೀಪಗಳ ಜನರನ್ನು ‘ವಾ’ ಎಂದು ಕರೆದು, ಅದನ್ನು ತಮ್ಮ ಒಂದು ಲಿಪಿಚಿಹ್ನೆಯಿಂದ ಬರೆದರು. ‘ಬಾಗಿದವರು’, ‘ವಿಧೇಯರು’ ಎಂಬ ಛಾಯೆ ಆ ಚಿಹ್ನೆಗಿದೆಯೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಜಪಾನೀಯರು ಚೀನೀ ಲಿಪಿಯನ್ನು ಎರವಲು ಪಡೆದಾಗ ಇದೇ ಚಿಹ್ನೆಯನ್ನು ಬರೆದು ‘ಯಮಾತೊ’ ಎಂದು ಓದಿದರು. ಕಣ್ಣಿಗೆ ಕಾಣುವುದು ಒಂದು, ನಾಲಗೆ ನುಡಿಯುವುದು ಇನ್ನೊಂದು. ಕ್ರಿ.ಶ. 713ರಲ್ಲಿ ಪ್ರಾಂತ, ಜಿಲ್ಲೆ, ಗ್ರಾಮಗಳ ಹೆಸರುಗಳನ್ನು ಶುಭಾರ್ಥದ ಚಿಹ್ನೆಗಳಿಂದ ಬರೆಯಬೇಕೆಂದು ರಾಜಾಜ್ಞೆ ಹೊರಟಿತು. ಎರಡೇ ಚಿಹ್ನೆಗಳಲ್ಲಿ ಬರೆಯುವ ಪದ್ಧತಿ ನೆಲೆಗೊಂಡಿತು. ‘ಬುಗ್ಗೆ’ ಎಂಬ ಒಂದೇ ಚಿಹ್ನೆಯಿಂದ ಬರೆಯುತ್ತಿದ್ದ ಇಜುಮಿ ಎಂಬ ನಾಡಿನ ಹೆಸರಿಗೆ, ಉಚ್ಚಾರದಲ್ಲಿ ಲವಲೇಶವೂ ಪಾಲಿಲ್ಲದ ಇನ್ನೊಂದು ಚಿಹ್ನೆ ಮುಂದೆ ಬಂದು ಕುಳಿತದ್ದು ಹೀಗೆ. ಯಮಾತೊ 737ರಲ್ಲಿ ‘ಮಹಾ–ಪೋಷಣೆ–ಸದ್ಗುಣ’ ಎಂಬರ್ಥದ ಮೂರು ಚಿಹ್ನೆಗಳಿಗೆ ತಿರುಗಿ, 747ರಲ್ಲಿ ಹಳೆಯ ರೂಪಕ್ಕೆ ಮರಳಿ, 757ರ ವೇಳೆಗೆ ಇಂದಿನ ರೂಪ ಪಡೆಯಿತು. ‘ವಾ’ ಎಂದೇ ಉಚ್ಚರಿಸುವ, ಆದರೆ ‘ಸಾಮರಸ್ಯ’ ಎಂದು ಅರ್ಥ ಕೊಡುವ ಬೇರೊಂದು ಚಿಹ್ನೆ ಹಳೆಯದರ ಜಾಗಕ್ಕೆ ಬಂತು. ಅದರ ಹಿಂದೆ ‘ದೊಡ್ಡ’ ಎಂಬ ಚಿಹ್ನೆ ನಿಂತಿತು. ಹೀಗೆ ‘ಮಹಾಸಾಮರಸ್ಯ’ ಎಂದು ಬರೆದು ‘ಯಮಾತೊ’ ಎಂದು ಓದುವುದು ನಿಯಮವಾಯಿತು. ಈ ಎರಡು ಚಿಹ್ನೆಗಳಲ್ಲಿ ಯ, ಮಾ, ತೊ ಎಂಬ ಮೂರು ಅಕ್ಷರಗಳ ಪೈಕಿ ಒಂದರ ಸುಳಿವೂ ಇಲ್ಲ.

ನಮ್ಮ ಶಾಸನಗಳಲ್ಲೂ ಹೆಸರನ್ನು ಉನ್ನತೀಕರಿಸುವ ಪ್ರವೃತ್ತಿ ಧಾರಾಳವಾಗಿದೆ. ದೋರಸಮುದ್ರ ದ್ವಾರಸಮುದ್ರವಾಗಿ, ದ್ವಾರಾವತಿಯಾಗಿ ಕೃಷ್ಣನ ದ್ವಾರಕೆಯ ನಂಟನ್ನು ಪಡೆಯಿತು. ಬಳ್ಳಿಗಾವೆ ಬಲಿಪುರವಾಗಿ ಬಲೀಂದ್ರನ ಕಥೆಯನ್ನು ಕಟ್ಟಿಕೊಂಡಿತು. ಆದರೆ ಕನ್ನಡದಲ್ಲಿ ಅರ್ಥ ಬದಲಾಗಬೇಕಾದರೆ ಉಚ್ಚಾರವೂ ಸ್ವಲ್ಪವಾದರೂ ಬಾಗಬೇಕು. ಆ ಬಾಗಿನ ಜಾಡು ಹಿಡಿದು ಸಂಶೋಧಕ ಹಿಂದಕ್ಕೆ ನಡೆಯಬಲ್ಲ. ಜಪಾನಿನಲ್ಲಿ ನಾಲಗೆಗೆ ತಿಳಿಯದಂತೆ ಅರ್ಥ ಬದಲಾಯಿತು. ಕ್ರಿ.ಶ. 712ರ ‘ಕೊಜಿಕಿ’ಯಲ್ಲಿ ವೀರ ಯಮಾತೊ ತಕೇರುವಿನ ಹೆಸರನ್ನು ಹಳೆಯ ‘ವಾ’ ಚಿಹ್ನೆಯಿಂದ ಬರೆದಿದ್ದರೆ, ಎಂಟೇ ವರ್ಷಗಳ ಅನಂತರದ ‘ನಿಹೊನ್ ಶೊಕಿ’ಯಲ್ಲಿ ‘ಸೂರ್ಯಮೂಲ’ ಎಂಬರ್ಥದ, ಇಂದು ‘ನಿಹೊನ್’ ಎಂದು ಓದುವ ಚಿಹ್ನೆಗಳಿವೆ. ಎರಡನ್ನೂ ಓದುವುದು ಯಮಾತೊ ಎಂದೇ.

ಬರಹಕ್ಕೆ ಅಂಟಿಸಿದ ಈ ಹೊಸ ಅರ್ಥ ಸುಮಾರು ಸಾವಿರದ ನೂರು ವರ್ಷಗಳ ಬಳಿಕ ತಾನೇ ಊರುಗಳನ್ನು ಹೆರತೊಡಗಿತು. ಮೇಯ್ಜಿ ಆಡಳಿತವು 1889ರಲ್ಲಿ ಹಳ್ಳಿಗಳನ್ನು ದೊಡ್ಡ ಪ್ರಮಾಣದಲ್ಲಿ ವಿಲೀನಗೊಳಿಸಿತು. ಒಂದಾದ ಹಳ್ಳಿಗಳಲ್ಲಿ ಯಾರ ಹೆಸರು ಉಳಿಯಬೇಕೆಂಬ ಜಗಳ ಸಹಜ. ಕನಗಾವಾದ ಅಂಥ ಒಂದು ಕೂಡುಹಳ್ಳಿ ಒಳಜಗಳಗಳ ಅನಂತರ 1891ರಲ್ಲಿ ತನ್ನ ಹೆಸರನ್ನು ಯಮಾತೊ ಎಂದು ಬದಲಿಸಿಕೊಂಡಿತು. 1959ರಲ್ಲಿ ಅದು ನಗರವಾಯಿತು. ಟೋಕಿಯೋದ ಪಶ್ಚಿಮಕ್ಕೆ 1919ರಲ್ಲಿ ಆರು ಹಳ್ಳಿಗಳು ಕೂಡಿದಾಗಲೂ ಅದೇ ಹೆಸರನ್ನು ಆರಿಸಿದರು. ಈ ಊರುಗಳಿಗೂ ನಾರಾ ಬಯಲಿಗೂ ವಲಸೆಯ ಸಂಬಂಧವಿಲ್ಲ, ನೆಲದ ಹೋಲಿಕೆಯಿಲ್ಲ. ಅಲ್ಲಿನವರಿಗೆ ಬೇಕಾಗಿದ್ದುದು ‘ಮಹಾಸಾಮರಸ್ಯ’ ಎಂಬ ಎರಡು ಚಿಹ್ನೆಗಳು. ‘ಯಮಾತೊ’ ಎಂಬ ಉಚ್ಚಾರ ಜೊತೆಗೆ ಬಂದದ್ದು. ‘ಬೆಟ್ಟದ ಎಡೆ’ ಎಂಬ ವ್ಯುತ್ಪತ್ತಿಯನ್ನು ಇಲ್ಲಿಗೆ ಅನ್ವಯಿಸಿ ಬೆಟ್ಟ ಹುಡುಕಹೊರಟರೆ ಕ್ಷೇತ್ರಕಾರ್ಯ ವ್ಯರ್ಥವಾಗುತ್ತದೆ. ಟೋಕಿಯೋದ ಊರು 1970ರಲ್ಲಿ ನಗರವಾಗುವ ಹೊತ್ತಿಗೆ ಕನಗಾವಾದ್ದು ಆಗಲೇ ನಗರವಾಗಿತ್ತಾದ್ದರಿಂದ ಇದು ‘ಹಿಗಾಶಿಯಮಾತೊ’, ಎಂದರೆ ಮೂಡಣ ಯಮಾತೊ, ಆಗಬೇಕಾಯಿತು. ಮೂಲ ಯಮಾತೊವಿನಿಂದ ನೋಡಿದರೆ ಎರಡೂ ಮೂಡಣವೇ ಎಂಬುದು ಬೇರೆ ಮಾತು. ಇತ್ತ ನಾರಾದಲ್ಲಿ ಕೋರಿಯಾಮಾ ಪಟ್ಟಣ 1954ರಲ್ಲಿ ನಗರವಾದಾಗ, ಫುಕುಶಿಮಾದಲ್ಲಿ ಅದೇ ಹೆಸರಿನ ನಗರ ಮೊದಲೇ ಇದ್ದುದರಿಂದ ‘ಯಮಾತೊಕೋರಿಯಾಮಾ’ ಆಯಿತು. ದೇಶದ ಹೆಸರಾಗಿದ್ದದ್ದು ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ‘ದೊಡ್ಡ’, ‘ಚಿಕ್ಕ’ಗಳಂತೆ ಬರಿಯ ಗುರುತಿನ ಪೂರ್ವಪದವಾಗಿ ಇಳಿಯಿತು.

ಇದರ ವಿಲೋಮವೂ ಇದೆ. ಅವೇ ಎರಡು ಚಿಹ್ನೆಗಳನ್ನು ಚೀನೀ ಮೂಲದ ಉಚ್ಚಾರದಲ್ಲಿ ಓದಿದರೆ ‘ದಾಯಿವಾ’ ಆಗುತ್ತದೆ. 1955ರಲ್ಲಿ ಸ್ಥಾಪಿತವಾದ ದಾಯಿವಾ ಹೌಸ್ ಎಂಬ ಕಟ್ಟಡ ಸಂಸ್ಥೆ, ದಾಯಿವಾ ಎಂಬ ಷೇರು ವಹಿವಾಟಿನ ಸಂಸ್ಥೆ ಇವೆಲ್ಲ ಬರಹದಲ್ಲಿ ಯಮಾತೊಗಳು, ಮಾತಿನಲ್ಲಿ ಅಲ್ಲ. ಮಿಯಾಗಿ ಪ್ರಾಂತದ ಒಂದು ಪಟ್ಟಣ ಅವನ್ನೇ ‘ತಾಯಿವಾ’ ಎಂದು ಓದುತ್ತದೆ. ಕುಮಾಮೊತೊ ಪ್ರಾಂತದಲ್ಲಿ 2005ರಲ್ಲಿ ಮೂರು ಊರುಗಳು ಕೂಡಿ ಆದ ಪಟ್ಟಣದ ಹೆಸರು ಉಚ್ಚಾರದಲ್ಲಿ ಯಮಾತೊ; ಬರೆಯುವುದು ‘ಬೆಟ್ಟ–ರಾಜಧಾನಿ’ ಎಂದು. ಅಕಾರಾದಿ ಕೋಶದಲ್ಲಿ ಇದು ನಾರಾದ ಯಮಾತೊವಿನ ಪಕ್ಕದಲ್ಲೇ ಕುಳಿತೀತು. ಲಿಪಿಯ ಅನುಕ್ರಮದ ಕೋಶದಲ್ಲಿ ದಾಯಿವಾಗಳು ಆ ಜಾಗ ಹಿಡಿಯುತ್ತವೆ. ನಾಮಕೋಶದ ಜೋಡಣೆಯೇ ಸಂಶೋಧನೆಯ ತೀರ್ಮಾನವನ್ನು ಮೊದಲೇ ನಿರ್ಧರಿಸಿಬಿಡುತ್ತದೆಂಬ ಎಚ್ಚರ ಸಂಪಾದಕರಿಗೆ ಇರಬೇಕಾಗುತ್ತದೆ.

ಉಚ್ಚಾರಸಾಮ್ಯವೂ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಕ್ಯೂಷೂ ದ್ವೀಪದ ಯಮಾತೊ ಒಳ್ಳೆಯ ನಿದರ್ಶನ. ಮೂರನೆಯ ಶತಮಾನದ ಚೀನೀ ಚರಿತ್ರೆಯಲ್ಲಿ ಹಿಮಿಕೊ ಎಂಬ ರಾಣಿಯ ರಾಜ್ಯವೆಂದು ‘ಯಮತಾಯಿ’ಯ ಉಲ್ಲೇಖವಿದೆ. ಅದು ನಾರಾದ ಯಮಾತೊವೆಂಬುದು ಒಂದು ಪಕ್ಷ. ಕ್ಯೂಷೂವಿನ ಚಿಕುಗೊ ನಾಡಿನಲ್ಲಿ ‘ಬೆಟ್ಟ–ಬಾಗಿಲು’ ಎಂದು ಬರೆಯುವ ಯಮಾತೊ ಜಿಲ್ಲೆಯೇ ಅದು ಎಂಬುದು ಇನ್ನೊಂದು; ಅರಾಯಿ ಹಕುಸೇಕಿ ಮೊದಲು ನಾರಾವನ್ನು ಹೇಳಿ ಅನಂತರ ಈ ಕಡೆಗೆ ವಾಲಿದವನು. ಇಂದಿನ ಕಿವಿಗೆ ಎರಡೂ ಒಂದೇ. ಆದರೆ ಎಂಟನೆಯ ಶತಮಾನದ ಜಪಾನೀ ಭಾಷೆಯಲ್ಲಿ ಎರಡು ಬಗೆಯ ‘ತೊ’ಗಳಿದ್ದವು. ಅವನ್ನು ಬರೆಯಲು ಬಳಸುತ್ತಿದ್ದ ಚಿಹ್ನೆಗಳ ಗುಂಪುಗಳೇ ಬೇರೆ. ‘ಬಾಗಿಲು’ ಎಂಬರ್ಥದ ‘ತೊ’ ಒಂದು ಗುಂಪಿನದು. ನಾರಾದ ಯಮಾತೊವಿನ ‘ತೊ’ ಇನ್ನೊಂದರದು. ಈ ವ್ಯತ್ಯಾಸ ಅನಂತರ ಭಾಷೆಯಿಂದ ಅಳಿಸಿಹೋಯಿತು. ಪ್ರಾಚೀನ ಬರಹಗಳಲ್ಲಿ ಇಂಥ ವ್ಯವಸ್ಥೆಯೊಂದಿದೆಯೆಂದು ಮೊದಲು ಗಮನಿಸಿದವನು ಮೊತೋರಿ ನೊರಿನಾಗಾ. ಅದನ್ನು ವಿಸ್ತರಿಸಿದವನು ಅವನ ಶಿಷ್ಯ ಇಶಿಜುಕಾ ತತ್ಸುಮಾರೊ. ಇದು ಧ್ವನಿಭೇದವೆಂದು ಇಪ್ಪತ್ತನೆಯ ಶತಮಾನದಲ್ಲಿ ಖಚಿತಪಡಿಸಿದವರು ಹಶಿಮೊತೊ ಶಿಂಕಿಚಿ. ಕನ್ನಡದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದುಕು ಎಂಬರ್ಥದ ‘ಬಾೞ್’ ಮತ್ತು ಕತ್ತಿ ಎಂಬರ್ಥದ ‘ಬಾಳ್’ ಎರಡೂ ಇಂದು ‘ಬಾಳು’. ರೞವನ್ನು ಕಳೆದುಕೊಂಡ ಕಿವಿಯನ್ನು ನಂಬಿ ಹಳೆಯ ಹೆಸರುಗಳನ್ನು ಬಿಡಿಸುವವರು ಕತ್ತಿಯಿದ್ದಲ್ಲಿ ಬದುಕನ್ನು ಕಂಡಾರು. ಶಾಸನರೂಪವನ್ನು ಮೊದಲು ನೋಡಬೇಕೆಂಬ ನಮ್ಮ ಗುರುಗಳ ಹಟಕ್ಕೆ ಕ್ಯೂಷೂವಿನ ಈ ಜಿಲ್ಲೆ ಒಳ್ಳೆಯ ಸಮರ್ಥನೆ.

ಕಲೆಗಳ ಹೆಸರುಗಳಲ್ಲಿ ಯಮಾತೊ ಮತ್ತೊಂದು ಕೆಲಸ ಮಾಡುತ್ತದೆ. ಹೆಯಾನ್ ಕಾಲದಲ್ಲಿ ಚೀನೀ ವಸ್ತುವಿನ ಚಿತ್ರಗಳನ್ನು ‘ಕಾರಾ–ಎ’ ಎಂದೂ ಜಪಾನಿನ ಋತು, ಬೆಟ್ಟ, ಜನಜೀವನಗಳ ಚಿತ್ರಗಳನ್ನು ‘ಯಮಾತೊ–ಎ’ ಎಂದೂ ಕರೆದರು. ಚೀನೀ ಭಾಷೆಯ ಕವಿತೆ ‘ಕಾರಾ–ಉತಾ’, ದೇಶಭಾಷೆಯದು ‘ಯಮಾತೊ–ಉತಾ’, ಕ್ರಿ.ಶ. 905ರ ‘ಕೊಕಿನ್‍ಶೂ’ ಸಂಕಲನದ ಮುನ್ನುಡಿಯಲ್ಲಿ ಕಿ ನೊ ತ್ಸುರಾಯುಕಿ ವಿವೇಚಿಸುವುದು ಈ ಎರಡನೆಯದನ್ನು. ಆರು ತಂತಿಯ ‘ಯಮಾತೊ–ಗೊತೊ’ ವಾದ್ಯವೂ, ಹೂಗಿಡಗಳ ಪೈಕಿ ‘ಯಮಾತೊ–ನದೆಶಿಕೊ’ವೂ ಇದೇ ಮಾದರಿಯವು. ಇಲ್ಲಿ ಯಮಾತೊ ಸ್ಥಳವನ್ನು ಹೇಳುತ್ತಿಲ್ಲ, ‘ನಮ್ಮದು’ ಎನ್ನುತ್ತಿದೆ. ಎದುರಿಗೆ ‘ಕಾರಾ’ ಇಲ್ಲದಿದ್ದರೆ ಈ ಪೂರ್ವಪದಕ್ಕೆ ಅರ್ಥವೇ ಇಲ್ಲ. ನಮ್ಮ ಮಾರ್ಗ–ದೇಸಿಗಳ ಜೋಡಿ ನೆನಪಾಗುವುದು ಸಹಜವಾದರೂ ಹೋಲಿಕೆಯನ್ನು ದೂರ ಎಳೆಯಲಾಗದು: ಮಾರ್ಗವು ಕನ್ನಡ ಕಾವ್ಯದ ಒಳಗಿನದೇ, ‘ಕಾರಾ’ ಹೊರದೇಶದ್ದು. ಎಲ್ಲ ಕಲೆಗಳನ್ನೂ ಈ ಸೂತ್ರಕ್ಕೆ ಸೇರಿಸಲೂ ಬಾರದು. ನೋ ರಂಗಭೂಮಿಯ ಪೂರ್ವರೂಪವಾದ ‘ಯಮಾತೊ ಸರುಗಾಕು’ವಿನಲ್ಲಿ ಯಮಾತೊ ಅಪ್ಪಟ ಪ್ರಾಂತನಾಮ. ಅದರ ಪ್ರತಿಸ್ಪರ್ಧಿ ಇನ್ನೊಂದು ನಾಡಿನ ‘ಓಮಿ ಸರುಗಾಕು’. ತನ್ನ ನಾಡಿನವರು ಅನುಕರಣದಲ್ಲೂ ಓಮಿಯವರು ಸೂಕ್ಷ್ಮ ಲಾವಣ್ಯದಲ್ಲೂ ಒತ್ತು ಕಾಣುವರೆಂದು ಜೆಯಾಮಿ ಗುರುತಿಸಿದ್ದಾನೆ. ತೆಂಕು, ಬಡಗು ತಿಟ್ಟುಗಳ ಭೇದವನ್ನು ಬಲ್ಲವರಿಗೆ ಇದು ಪರಿಚಿತ ಚರ್ಚೆಯೇ.

‘ನಮ್ಮದು’ ಎಂಬ ಪೂರ್ವಪದದ ಮುಂದಿನ ಚರಿತ್ರೆ ಸುಖಕರವಲ್ಲ. ‘ಯಮಾತೊ–ದಮಾಶಿಯಿ’ (ಯಮಾತೊ ಚೈತನ್ಯ) ಎಂಬ ಮಾತು ಮೊದಲು ಕಾಣುವುದು ಮುರಾಸಾಕಿ ಶಿಕಿಬು ಬರೆದ ‘ಗೆಂಜಿ’ ಕಥೆಯಲ್ಲಿ. ಮಗನನ್ನು ವಿದ್ಯಾಶಾಲೆಗೆ ಕಳಿಸುವಾಗ ಗೆಂಜಿ ಹೇಳುವ ಮಾತದು: ಚೀನೀ ವಿದ್ಯೆಯ ತಳಹದಿಯಿದ್ದರೆ ಲೋಕಜ್ಞಾನ ಚೆನ್ನಾಗಿ ನಡೆಯುತ್ತದೆ ಎಂಬ ತಂದೆಯ ವಿವೇಕ. ಶೌರ್ಯದ ಸೋಂಕೂ ಅಲ್ಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಚೀನೀ ಮನೋಭಾವವನ್ನು ಕಳಚಿ ಯಮಾತೊ ಹೃದಯವನ್ನು ಮರಳಿ ಪಡೆಯಬೇಕೆಂದು ವಾದಿಸಿದವನು ಮತ್ತಾರೂ ಅಲ್ಲ, ಹಳೆಯ ಬರಹಗಳ ಅಕ್ಷರಭೇದವನ್ನು ಕಂಡ ಅದೇ ನೊರಿನಾಗಾ. ಅವನು 1790ರಲ್ಲಿ ತನ್ನ ಭಾವಚಿತ್ರಕ್ಕಾಗಿ ಬರೆದ, ಬೆಟ್ಟದ ಚೆರಿ ಹೂವಿನ ಕಿರುಕವಿತೆಯ ಪದಗಳನ್ನು ಒಡೆದು 1944ರ ಅಕ್ಟೋಬರಿನಲ್ಲಿ ಮೊದಲ ಆತ್ಮಾಹುತಿ ವಿಮಾನದಳಗಳಿಗೆ ಹೆಸರಿಟ್ಟರು, ಅವುಗಳಲ್ಲೊಂದು ಯಮಾತೊ. ಕವಿತೆಯ ಮೇಲೆ ಇದಕ್ಕಿಂತ ಕ್ರೂರವಾದ ಪದವಿಭಾಗ ನಡೆದಿರಲಾರದು. ಭಾಷಾಶಾಸ್ತ್ರದ ಸೂಕ್ಷ್ಮತೆ ಮತ್ತು ಶುದ್ಧತೆಯ ಹಂಬಲ ಒಬ್ಬನೇ ವಿದ್ವಾಂಸನಲ್ಲಿ ಮನೆಮಾಡಿದ್ದನ್ನು ಅಚ್ಚಗನ್ನಡದ ಚರ್ಚೆಯಲ್ಲಿ ತೊಡಗಿದವರು ಗಮನಿಸಬೇಕು.

ಯುದ್ಧಾನಂತರ ಹೆಸರು ಹಗುರಾಗಲು ಹೊರಟದ್ದೂ ನಿಜ. 1919ರಲ್ಲಿ ನಾಲ್ಕು ಲಾರಿಗಳಿಂದ ಮೊದಲಾಗಿ, 1976ರಲ್ಲಿ ಮನೆಮನೆಗೆ ಪೊಟ್ಟಣ ತಲುಪಿಸುವ ಸೇವೆ ತೆರೆದ ಸಾಗಣೆ ಸಂಸ್ಥೆಯು 1982ರಲ್ಲಿ ಚೀನೀ ಚಿಹ್ನೆಗಳನ್ನು ಬಿಟ್ಟು ತನ್ನ ಹೆಸರನ್ನು ಧ್ವನಿಲಿಪಿಯಾದ ಕತಕಾನದಲ್ಲಿ ಬರೆಯತೊಡಗಿತು. ಬೆಟ್ಟವೂ ಇಲ್ಲ, ಸಾಮರಸ್ಯವೂ ಇಲ್ಲ. ಉಳಿದದ್ದು ಮೂರು ಅಕ್ಷರಗಳ ಸದ್ದು. ಫ್ಲೋರಿಡಾದ ಬೋಕಾ ರೇಟನ್ ಬಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೆಲಸಿದ ಜಪಾನೀ ರೈತರ ಯಮಾತೊ ವಸಾಹತು ಕರಗಿಹೋಗಿ ರಸ್ತೆಯೊಂದರ ಹೆಸರು ಉಳಿಯಿತು. ಅಂಟಾರ್ಕ್ಟಿಕಾದಲ್ಲಿ ಜಪಾನೀ ತಂಡವೊಂದು 1969ರಲ್ಲಿ ಒಂಬತ್ತು ಉಲ್ಕಾಶಿಲೆಗಳನ್ನು ಕಂಡದ್ದು ಯಮಾತೊ ಪರ್ವತಗಳ ಬಳಿ; ಅನಂತರ ಅಲ್ಲಿ ದೊರೆತ ಸಾವಿರಾರು ಕಲ್ಲುಗಳಿಗೆ ಅದೇ ಹೆಸರು, ಮುಂದೆ ಒಂದೊಂದು ಸಂಖ್ಯೆ.

ಯುದ್ಧನೌಕೆಯ ಮಾತನ್ನು ಕೊನೆಗೆ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ಯುದ್ಧನೌಕೆಗಳಿಗೆ ಹಳೆಯ ಪ್ರಾಂತಗಳ ಹೆಸರಿಡುವುದು ಆಗಿನ ಜಪಾನಿನ ನೌಕಾಪಡೆಯ ಪದ್ಧತಿಯಾಗಿತ್ತು. 1941ರ ಡಿಸೆಂಬರಿನಲ್ಲಿ ಸೇವೆಗೆ ಸೇರಿದ ಆ ನೌಕೆಯೊಳಗೆ ನಾರಾದ ಓಯಮಾತೊ ದೇವಾಲಯದ ದೈವಕ್ಕೆ ಗುಡಿಯನ್ನೂ ಕಟ್ಟಿದ್ದರು. 1945ರ ಏಪ್ರಿಲ್ 7ರಂದು, ಒಕಿನಾವಾದತ್ತ ಸಾಗುತ್ತಿದ್ದಾಗ, ಅದು ಸುಮಾರು ಮೂರು ಸಾವಿರ ಜನರೊಂದಿಗೆ ಮುಳುಗಿತು. ಒಕಿನಾವಾ 1879ರವರೆಗೆ ರ್ಯೂಕ್ಯೂ ಎಂಬ ಬೇರೆಯೇ ಅರಸೊತ್ತಿಗೆಯಾಗಿತ್ತು. ಅಲ್ಲಿನ ಭಾಷೆಯಲ್ಲಿ ಮುಖ್ಯ ಜಪಾನಿನ ‘ಒ’ಕಾರ ನಿಯತವಾಗಿ ‘ಉ’ಕಾರವಾಗುತ್ತದೆ, ಆದ್ದರಿಂದ ಯಮಾತೊ ಅಲ್ಲಿ ‘ಯಮಾತು’. ‘ಉಚಿನಾಂಚು’ ಎಂದರೆ ಒಕಿನಾವಾದವರು. ‘ಯಮಾತುಂಚು’ ಎಂದರೆ ಅವರಲ್ಲದ, ಸಮುದ್ರದಾಚೆಯ ದೊಡ್ಡ ದ್ವೀಪಗಳಿಂದ ಬಂದವರು. ಯಮಾತೊ ಎಂಬುದು ಮೊದಲಿನಿಂದ ಕೊನೆಯವರೆಗೆ ‘ಅವರ ನಾಡು’ ಎಂದೇ ಉಳಿದಿರುವುದು ಆ ದ್ವೀಪದವರ ಬಾಯಲ್ಲಿ.